ಕಿಟಕಿ ಕಡೆಯ ಆರು ಟ್ಯಾಂಕು

ನಾನು ಹುಟ್ಟಾ ಪುಕ್ಕಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಸೂರಿನ ಒಂದು ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಸಿಸ್ಟೆಂಟಾಗಿದ್ದೆ. ಅಷ್ಟೂ ವರ್ಷ ಬೀಗ ಹಾಕಿ ಗೇಟಿನ ತನಕ ಹೋದ ಮೇಲೆ ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬ ಅನುಮಾನ ಹತ್ತಿ ವಾಪಸು ಬಂದು ನೋಡಿದವನು ನಾನು. ನಿವೃತ್ತಿಯಾಗಿ ಇಷ್ಟು ದಿನ ಕಳೆದರೂ ಕರೆಂಟು ಹೋದಾಗ ಮೊದಲು ನೆನಪಾಗುವುದು ಮನೆಯ ದೀಪವಲ್ಲ, ಲ್ಯಾಬಿನ ಫ್ರೀಜರು.

ಹೋದ ತಿಂಗಳು ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಿದ್ಧಾರ್ಥನಗರದ ನನ್ನ ಮನೆಗೆ ಬಂದು, ಕೆಲಸದಲ್ಲಿ ಯಾವುದಕ್ಕೆ ಹುಷಾರಾಗಿರಬೇಕು ಎಂದು ಕೇಳಿದಳು. ಲೇಬಲ್ಲನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲು ತಾಗಿದರೆ ಅಳಿಸಿಹೋಗುತ್ತದೆ ಎಂದೆ. ಕೈಗವಸು ಹಾಕಿಕೊಂಡು ಬಾಗಿಲ ಹಿಡಿ ಮುಟ್ಟಬಾರದು ಎಂದೆ. ಅವಳು ಬರೆದುಕೊಂಡು ಕಾಫಿ ಕುಡಿದು ಹೋದಳು. ಆಮೇಲೆ ನನಗೆ ನಾಚಿಕೆಯಾಯಿತು. ಹೇಳಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ಆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನ ಹೆಸರು ಮಹದೇವಸ್ವಾಮಿ, ಲ್ಯಾಬಿನಲ್ಲಿ ಎಲ್ಲರಿಗೂ ಸ್ವಾಮಣ್ಣ. ನಮ್ಮದು ಲಷ್ಕರ್ ಮೊಹಲ್ಲಾದ ಲಿಂಗಾಯತರ ಮನೆ, ಪುರಿ, ಅಂದರೆ ಮಂಡಕ್ಕಿ, ಮತ್ತು ಹುರಿಗಡಲೆಯ ವ್ಯಾಪಾರ. ಅಪ್ಪ ಹೋದ ಮೇಲೆ ಅಂಗಡಿ ಅಣ್ಣನ ಪಾಲಿಗೆ ಬಂತು, ನನ್ನ ಪಾಲಿಗೆ ಈ ಕೆಲಸ ಬಂತು. ಮೀನಿನ ಲ್ಯಾಬು ಎಂದು ಮನೆಯಲ್ಲಿ ಹೇಳುವ ಧೈರ್ಯವಾಗದೆ, ಕಾಲೇಜಿನಲ್ಲಿ ಔಷಧಿ ಸೀಸೆ ಜೋಡಿಸುವ ಕೆಲಸ ಎಂದಿದ್ದೆ.

ತೊಂಬತ್ತರ ದಶಕದಲ್ಲಿ ಮೀನಿನ ಹಾರ್ಮೋನು ಬೇಕೆಂದರೆ ಮೀನಿನ ತಲೆಯೇ ಬೇಕಿತ್ತು. ಮೆದುಳಿನ ಕೆಳಗೆ ರಾಗಿಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ. ಅದನ್ನು ಬಿಡಿಸಿ ಆಲ್ಕೋಹಾಲಿನಲ್ಲಿ ಹಾಕಿಟ್ಟು, ಬೇಕಾದಾಗ ಅರೆದು ಸೋಸಿ ಇಂಜೆಕ್ಷನ್ ಮಾಡುತ್ತಿದ್ದೆವು. ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ ತಲೆಗಳನ್ನು ಆರಿಸಿ ತರುವ ಕೆಲಸ ನನ್ನದು. ಗುರುತಿನವರು ಯಾರಾದರೂ ಕಂಡಾರೆಂದು ಟವೆಲನ್ನು ತಲೆಗೆ ಸುತ್ತಿಕೊಂಡು ಹೋಗುತ್ತಿದ್ದೆ. ಮೀನು ಮಾರುತ್ತಿದ್ದ ಹೆಂಗಸೊಬ್ಬರಿಗೆ ನನ್ನನ್ನು ಕಂಡರೆ ತಮಾಷೆ. ವಿಭೂತಿ ಹಚ್ಚಿದ ಹಣೆಯವನು ದಿನಾ ಬಂದು ಬರೀ ತಲೆ ಕೊಂಡುಹೋಗುತ್ತಾನೆ, ಮನೆಯಲ್ಲಿ ಮೈಯನ್ನು ಯಾರು ತಿನ್ನುತ್ತಾರೋ ಎಂದು ಪಕ್ಕದವರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡು ಚೀಲ ಕಟ್ಟುತ್ತಿದ್ದೆ.

ನಮ್ಮ ಮುಖ್ಯಸ್ಥರನ್ನು ದೊಡ್ಡ ಸರ್ ಎನ್ನುತ್ತಿದ್ದೆವು. ಗಟ್ಟಿ ಗಂಟಲು, ಮೂಗಿನ ತುದಿಯಲ್ಲೇ ಕೋಪ. ಯಾವ ಫ್ಲಾಸ್ಕು ಕಂಡರೂ ಮುಚ್ಚಳ ತೆಗೆದು ಮೂಸಿ ನೋಡುವುದು ಅವರ ಅಭ್ಯಾಸ. ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಒಂದು ದಿನ ಅವರು ನನ್ನನ್ನು ಕರೆದು, ಇನ್ನು ಮೇಲೆ ಮಾರ್ಕೆಟ್ಟಿಗೆ ಹೋಗುವುದು ಬೇಡ, ಬ್ಯಾಕ್ಟೀರಿಯಾ ಕೈಯಲ್ಲೇ ಮೀನಿನ ಹಾರ್ಮೋನು ಮಾಡಿಸೋಣ ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಮಾಡಬೇಕಿದ್ದದ್ದು ಗೆಂಡೆ ಮೀನಿನ ಹಸಿವಿನ ಹಾರ್ಮೋನು. ಹೊಟ್ಟೆ ತುಂಬಿತು, ಸಾಕು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವಂಥದ್ದು. ಅದನ್ನು ಮೀನಿಗೆ ಕೊಟ್ಟರೆ ಮೇವು ಕಡಿಮೆ ತಿನ್ನಬೇಕು. ಹಾಗಾಗುತ್ತದೆಯೋ ಇಲ್ಲವೋ ನೋಡುವುದೇ ಸಂಶೋಧನೆ.

ಆ ಸಂಶೋಧನೆಗೆ ಬಂದವರು ಪದ್ಮಾ. ಹಿನಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ತಂದೆ ಬಡಗಿ, ಊರು ಬಿಟ್ಟು ಬಂದು ಅಲ್ಲಿ ನೆಲೆ ನಿಂತವರು. ಮನೆಯ ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ಪದ್ಮಾ ಎಂ.ಎಸ್ಸಿ. ಪದವಿ ತೆಗೆದುಕೊಂಡ ಫೋಟೋ ಇತ್ತು. ಪಿಎಚ್.ಡಿ. ಮುಗಿಸಿದ ಮೇಲೆ ಹಾಕುವುದಕ್ಕೆಂದು ಅವರ ತಂದೆ ತೇಗದಲ್ಲಿ ಇನ್ನೊಂದು ಚೌಕಟ್ಟು ಆಗಲೇ ಮಾಡಿ ಪಕ್ಕದಲ್ಲಿ ತೂಗುಹಾಕಿದ್ದರು. ಪದ್ಮಾ ಇದನ್ನು ನಗುತ್ತ ಹೇಳುತ್ತಿದ್ದರು. ನಾನು ನಗುತ್ತಿದ್ದರೂ ಒಳಗೆ ದಿಗಿಲಾಗುತ್ತಿತ್ತು. ಖಾಲಿ ಚೌಕಟ್ಟು ಗೋಡೆ ಮೇಲೆ ಇದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ?

ವಿದೇಶದ ಲ್ಯಾಬೊಂದು ಗೆಂಡೆಯ ಆ ಜೀನನ್ನು ಅಂಚೆಯಲ್ಲಿ ಕಳಿಸಿತು. ಲಕೋಟೆಯೊಳಗೆ ಒಂದು ಚೂರು ಸೋಸುಕಾಗದ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಒಂದು ಸೊನ್ನೆ. ಸೊನ್ನೆಯ ಒಳಗೆ ಏನೂ ಕಾಣುತ್ತಿರಲಿಲ್ಲ. ಜೀನು ಅಲ್ಲೇ ಒಣಗಿ ಕೂತಿದೆ, ಕತ್ತರಿಸಿ ನೀರಿನಲ್ಲಿ ನೆನೆಸಿದರೆ ಬರುತ್ತದೆ ಎಂದು ಪದ್ಮಾ ಹೇಳಿದಾಗ ನಾನು ಸೊನ್ನೆಯ ಸುತ್ತ ಬೆರಳಗಲ ಜಾಗ ಬಿಟ್ಟೇ ಕತ್ತರಿಸಿದೆ. ಅದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದ್ದಾಯಿತು. ಇನ್ನು ಬ್ಯಾಕ್ಟೀರಿಯಾವನ್ನು ಬೆಳೆಸಬೇಕು.

ಮೊದಲ ಸಲ ಬೆಳೆಸಿದ್ದನ್ನು ನಾನೇ ಕೆಡಿಸಿದೆ. ಬೇರೆ ಕ್ರಿಮಿ ಬರದಿರಲಿ, ಜೀನು ಹೊತ್ತವು ಮಾತ್ರ ಉಳಿಯಲಿ ಎಂದು, ಬ್ಯಾಕ್ಟೀರಿಯಾ ಬೆಳೆಯುವ ಸಾರಿನೊಳಗೆ ಒಂದು ಆಂಟಿಬಯಾಟಿಕ್ ಹಾಕುತ್ತಾರೆ. ಅದನ್ನು ಸಾರು ತಣ್ಣಗಾದ ಮೇಲೆ ಹಾಕಬೇಕು. ನಾನು ಮೊದಲೇ ಸುರಿದು ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿಟ್ಟು ಕುದಿಸಿಬಿಟ್ಟಿದ್ದೆ. ಔಷಧಿ ಸತ್ತಿತು, ಬ್ಯಾಕ್ಟೀರಿಯಾ ಜೀನನ್ನು ಬಿಸಾಕಿ ಸುಖವಾಗಿ ಬೆಳೆಯಿತು. ದೊಡ್ಡ ಸರ್ ಮುಚ್ಚಳ ತೆಗೆದು ಮೂಸಿ ನೋಡಿ, ವಾಸನೆ ಚೆನ್ನಾಗಿದೆ, ಒಳಗೆ ಏನೂ ಇಲ್ಲ ಎಂದರು. ಬೈಯಲಿಲ್ಲ. ಯಂತ್ರದ ಬಾಗಿಲ ಮೇಲೆ ನನ್ನ ಕೈಯಲ್ಲೇ 'ತಣ್ಣಗಾದ ಮೇಲೆ ಔಷಧಿ' ಎಂದು ಬರೆಸಿದರು. ನಾನು ನಿವೃತ್ತನಾಗುವವರೆಗೂ ಅದು ಅಲ್ಲೇ ಇತ್ತು.

ಆಮೇಲಿನ ಕಷ್ಟ ಬೇರೆ ಬಗೆಯದು. ಬ್ಯಾಕ್ಟೀರಿಯಾ ಹಾರ್ಮೋನನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಆ ಗಂಟನ್ನು ಯೂರಿಯಾದಲ್ಲಿ ಕರಗಿಸಿ, ಯೂರಿಯಾವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಹೋದರೆ ಹಾರ್ಮೋನು ತನ್ನ ರೂಪಕ್ಕೆ ತಾನೇ ಮಡಚಿಕೊಳ್ಳಬೇಕು. ಕೊಂಚ ಅವಸರ ಮಾಡಿದರೂ ಹಾಲು ಒಡೆದ ಹಾಗೆ ಒಡೆದುಹೋಗುತ್ತದೆ. ಮೂರು ಸಲ ಒಡೆಯಿತು. ನಾಲ್ಕನೇ ಸಲ ಯೂರಿಯಾ ಸೋಸಿ ಹೋಗುವ ತೆಳು ಚೀಲದೊಳಗಿನ ನೀರು ತಿಳಿಯಾಗೇ ಉಳಿಯಿತು. ಪದ್ಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನಗಂತೂ ಅದನ್ನು ಎಲ್ಲಿ ಇಡುವುದು ಎಂಬ ಚಿಂತೆ ಆಗಲೇ ಶುರುವಾಗಿತ್ತು.

ಇನ್ನು ಮೀನಿನ ಕೋಣೆ. ಹನ್ನೆರಡು ಗಾಜಿನ ಟ್ಯಾಂಕು, ಒಂದೊಂದರಲ್ಲೂ ಬೆರಳುದ್ದದ ಗೆಂಡೆಗಳು. ಕಿಟಕಿ ಕಡೆಯ ಆರು ಟ್ಯಾಂಕಿಗೆ ಹಾರ್ಮೋನು, ಗೋಡೆ ಕಡೆಯ ಆರಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಹಿಂದಿನ ಸಂಜೆಯಿಂದ ಎಲ್ಲಕ್ಕೂ ಉಪವಾಸ. ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಬಿಟ್ಟು, ಎಣಿಸಿದ ಮೇವಿನ ಕಾಳು ಹಾಕಿ, ಇನ್ನೊಂದು ಗಂಟೆಯ ಮೇಲೆ ಉಳಿದ ಕಾಳನ್ನು ಕೊಳವೆಯಲ್ಲಿ ಎಳೆದು ಎಣಿಸುವುದು. ಮೇವು ಹಾಕುವುದು, ಎಣಿಸುವುದು ಎರಡೂ ನನ್ನ ಕೆಲಸ. ಮೀನುಗಳಿಗೆ ನನ್ನ ಗುರುತು ಹತ್ತಿತ್ತು. ಬೇರೆಯವರು ಬಾಗಿಲು ತೆಗೆದರೆ ಮೂಲೆಗೆ ಓಡುತ್ತಿದ್ದವು, ನನ್ನ ನೀಲಿ ಅಂಗಿ ಕಂಡರೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ಪ್ರಯೋಗ ಶುರುವಾಗುವ ವಾರವೇ ಅವ್ವನಿಗೆ ನನ್ನ ಗುಟ್ಟು ಗೊತ್ತಾಯಿತು. ಬಟ್ಟೆ ಒಗೆಯುವಾಗ ನನ್ನ ಅಂಗಿಯ ತೋಳಿನ ಮಡಿಕೆಯಲ್ಲಿ ಒಂದು ಮೀನಿನ ಹುರುಪೆ ಸಿಕ್ಕಿತಂತೆ. ಮಾರನೆಯ ದಿನ ಊಟಕ್ಕೆ ಕೂತಾಗ ಎಲ್ಲವನ್ನೂ ನನ್ನ ಬಾಯಿಂದ ಕೇಳಿ ತಿಳಿದುಕೊಂಡರು. ಕೊಲ್ಲುವ ಮಾತಿಗಿಂತ ಅವರಿಗೆ ಹಸಿವಿನ ಮಾತು ಚುಚ್ಚಿತು.

"ಅಲ್ಲ ಕಣೋ ಮಾದೇವ, ಮನೆ ಬಾಗ್ಲಿಗೆ ಬಂದೋರ್ಗೆ ಮೊದ್ಲು ಉಣ್ಣಕ್ಕಿಕ್ಕಿ ಆಮೇಲೆ ಮಾತಾಡ್ಸೋ ಮನೆ ನಮ್ದು. ಅಸ್ಕೊಂಡಿರೋ ಜೀವಕ್ಕೆ ಸೂಜಿ ಚುಚ್ತೀಯಲ್ಲ, ನಿಂಗೆ ಎಂಗೆ ಮನ್ಸು ಬತ್ತದೆ? ಒಂದು ಚಿಟಿಕೆ ಪುರಿನಾದ್ರೂ ಆಕ್ಬುಟ್ಟು ಮಾಡು."

ನಾನು ಆಗಲಿ ಎಂದೆ. ಅಲ್ಲಿಗೆ ನನ್ನ ಬದುಕಿನ ದೊಡ್ಡ ತಪ್ಪು ಶುರುವಾಯಿತು.

ಇಷ್ಟು ವರ್ಷ ಲ್ಯಾಬಿನಲ್ಲಿದ್ದವನಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ನಮ್ಮ ಮನೆಯಲ್ಲಿ ಶಿವರಾತ್ರಿಯ ಉಪವಾಸವೆಂದರೆ ಅನ್ನ ಮಾಡುವುದಿಲ್ಲ. ಅವಲಕ್ಕಿ, ಬಾಳೆಹಣ್ಣು, ಹಾಲು, ಇನ್ನೂ ಹಸಿವಾದರೆ ಒಂದು ಹಿಡಿ ಪುರಿ ತಿನ್ನುತ್ತೇವೆ. ಅಷ್ಟು ತಿಂದರೂ ಉಪವಾಸ ಕೆಟ್ಟಿತು ಎಂದು ಯಾರೂ ಎನ್ನುವುದಿಲ್ಲ. ಊಟವೆಂದರೆ ಅನ್ನ, ಪುರಿಯೆಂದರೆ ಗಾಳಿ. ಅದೇ ಲೆಕ್ಕವನ್ನು ನಾನು ಮೀನಿಗೂ ಹಾಕಿದೆ. ಮೇವು ಎಂದರೆ ಡಬ್ಬಿಯಲ್ಲಿರುವ ಕಾಳು, ಪುರಿ ಮೇವಲ್ಲ. ಪ್ರಯೋಗದ ದಿನ ಎಲ್ಲರಿಗಿಂತ ಮೊದಲೇ ಬಂದು, ಅಣ್ಣನ ಅಂಗಡಿಯಿಂದ ಜೇಬಿನಲ್ಲಿ ತಂದ ಪುರಿಯನ್ನು ಬೆರಳಲ್ಲಿ ಪುಡಿ ಮಾಡಿ ಹಾಕುತ್ತಿದ್ದೆ. ಎರಡು ನಿಮಿಷದಲ್ಲಿ ಒಂದು ಚೂರೂ ಉಳಿಯುತ್ತಿರಲಿಲ್ಲ.

ಹಾಕುತ್ತಿದ್ದದ್ದು ಕಿಟಕಿ ಕಡೆಯ ಆರು ಟ್ಯಾಂಕಿಗೆ ಮಾತ್ರ. ಗೋಡೆ ಕಡೆಯವಕ್ಕೆ ಬರೀ ಉಪ್ಪುನೀರು, ಅವಕ್ಕೆ ಏನೂ ಆಗುವುದಿಲ್ಲ. ಹಾರ್ಮೋನು ಚುಚ್ಚಿಸಿಕೊಳ್ಳುವ ಈ ಪಾಪದವು ಆಮೇಲೆ ಮೇವನ್ನೇ ಮುಟ್ಟುವುದಿಲ್ಲವಲ್ಲ, ಅದಕ್ಕೆ ಮೊದಲೇ ಒಂದು ಚಿಟಿಕೆ ತಿನ್ನಲಿ ಎಂದು ನನ್ನ ಕರುಣೆ.

ಮೊದಲನೇ ಸಲವೇ ಫಲಿತಾಂಶ ಬಂತು. ಕಿಟಕಿ ಕಡೆಯ ಮೀನುಗಳು ಗೋಡೆ ಕಡೆಯವು ತಿಂದದ್ದರಲ್ಲಿ ಅರ್ಧ ತಿಂದಿದ್ದವು. ಪದ್ಮಾ ಲೆಕ್ಕವನ್ನು ಎರಡು ಸಲ ಮಾಡಿದರು. ದೊಡ್ಡ ಸರ್ ಕೋಣೆಗೆ ಬಂದು ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತರು. ಮತ್ತೆ ಮಾಡಿದೆವು, ಮತ್ತೆ ಹಾಗೇ ಬಂತು. ಒಂದು ವರ್ಷ ಹೀಗೇ ನಡೆಯಿತು. ಲೇಖನ ಬರೆದು ಪತ್ರಿಕೆಗೂ ಕಳಿಸಿದರು. ಕೊನೆಯಲ್ಲಿ ನನಗೂ ಧನ್ಯವಾದ ಹೇಳಿದ್ದರು. ನಾನು ಆ ಪುಟದ ಜೆರಾಕ್ಸ್ ಮಾಡಿಸಿ ಅವ್ವನಿಗೆ ತೋರಿಸಿದೆ.

ಅದಾದ ಮೇಲೆ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ನಾನು ಮೂರು ವಾರ ರಜೆ ಹಾಕಿದೆ. ವಾಪಸು ಬಂದಾಗ ಪದ್ಮಾ ಮುಖ ಬಾಡಿತ್ತು. ನಾನಿಲ್ಲದಾಗ ಅವರೇ ಎರಡು ಸಲ ಪ್ರಯೋಗ ಮಾಡಿದ್ದರು. ಎರಡೂ ಸಲ ಕಿಟಕಿಗೂ ಗೋಡೆಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ಹಾರ್ಮೋನು ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಕರೆಂಟು ಹೋಗಿ ಫ್ರೀಜರು ಬಿಸಿಯಾಯಿತೇ, ಯೂರಿಯಾ ಉಳಿದುಕೊಂಡಿತೇ, ಹಾರ್ಮೋನು ಸರಿಯಾಗಿ ಮಡಚಿಕೊಳ್ಳಲಿಲ್ಲವೇ ಎಂದು ಒಂದೊಂದನ್ನೂ ಕೆದಕಿದರು. ನಾನೂ ಕೆದಕಿದೆ. ಹಳೆಯ ಬ್ಯಾಚನ್ನು ಚೆಲ್ಲಿ ಹೊಸದು ಮಾಡುವುದಕ್ಕೆ ಆರು ವಾರ ಹಿಡಿಯಿತು. ಪದ್ಮಾ ಮಧ್ಯಾಹ್ನದ ಡಬ್ಬಿ ತೆರೆಯದೆ ವಾಪಸು ಕೊಂಡೊಯ್ದ ದಿನಗಳು ಇದ್ದವು. ಫೆಲೋಶಿಪ್ಪಿಗೆ ಉಳಿದಿದ್ದದ್ದು ಒಂದೇ ವರ್ಷ.

ಹೊಸ ಬ್ಯಾಚಿನ ಮೊದಲ ಪ್ರಯೋಗಕ್ಕೆ ನಾನೇ ಇದ್ದೆ, ಜೇಬಿನಲ್ಲಿ ಪುರಿಯೂ ಇತ್ತು. ಮತ್ತೆ ಅರ್ಧಕ್ಕರ್ಧ ವ್ಯತ್ಯಾಸ. ದೊಡ್ಡ ಸರ್ ಎಲ್ಲರಿಗೂ ಮೈಸೂರುಪಾಕು ತರಿಸಿದರು. ನಾನೂ ತಿಂದೆ.

ಮುಂದಿನ ಸಲದ ಹೊತ್ತಿಗೆ ನಂಜನಗೂಡಿನಲ್ಲಿ ನಮ್ಮ ಸೋದರಮಾವ ತೀರಿಕೊಂಡು ಅಣ್ಣ ಎರಡು ದಿನ ಅಂಗಡಿ ಮುಚ್ಚಿದ್ದ. ಪುರಿ ಇರಲಿಲ್ಲ. ಒಂದು ದಿನಕ್ಕೇನು ಎಂದು ಸುಮ್ಮನಾದೆ. ಉಳಿದ ಕಾಳನ್ನು ಎರಡೆರಡು ಸಲ ಎಣಿಸಿದೆ. ಕಿಟಕಿ ಕಡೆಯವು ಹೆಚ್ಚುಕಡಿಮೆ ಎಲ್ಲ ತಿಂದುಬಿಟ್ಟಿದ್ದವು. ಇದೂ ಕೆಟ್ಟಿತೇ ಎಂದು ಪದ್ಮಾ ಸ್ಟೂಲಿನ ಮೇಲೆ ಕುಸಿದು ಕೂತರು. ನನ್ನ ಕೈ ತಾನಾಗೇ ಖಾಲಿ ಜೇಬಿನ ಮೇಲೆ ಹೋಯಿತು. ನಾನಿಲ್ಲದ ಮೂರು ವಾರ, ಇವತ್ತಿನ ದಿನ. ಎರಡರಲ್ಲೂ ಪುರಿ ಇರಲಿಲ್ಲ ಎಂದು ಹೊಳೆದಾಗ ನನಗೆ ಅಲ್ಲೇ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಹೇಳಲಿಲ್ಲ. ಮೊದಲು ಖಾತ್ರಿ ಮಾಡಿಕೊಳ್ಳಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ತಪ್ಪಲ್ಲವೆಂದು ಆಗಲಿ ಎಂಬ ಆಸೆ. ಮುಂದಿನ ಪ್ರಯೋಗದ ಬೆಳಿಗ್ಗೆ ಪುರಿಯನ್ನು ಕಿಟಕಿ ಕಡೆ ಹಾಕದೆ ಗೋಡೆ ಕಡೆಯ ಆರಕ್ಕೆ ಹಾಕಿದೆ. ಆ ದಿನ ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮೀನುಗಳು ಮೇವು ಬಿಟ್ಟವು, ಹಾರ್ಮೋನಿನವು ತಿಂದವು. ಜೀವಮಾನದಲ್ಲಿ ನಾನೇ ಯೋಚಿಸಿ ಮಾಡಿದ ಪ್ರಯೋಗ ಅದೊಂದೇ. ಅದರಷ್ಟು ಸ್ಪಷ್ಟವಾದ ಫಲಿತಾಂಶ ನಮ್ಮ ಲ್ಯಾಬಿನಲ್ಲಿ ಮತ್ಯಾರಿಗೂ ಬರಲಿಲ್ಲ.

ಆಗ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹದಿನೈದು ವರ್ಷದ ಮೇಲೆ ಫೈಲು ಕೊನೆಗೂ ಮೇಲಕ್ಕೆ ಹೋಗಿತ್ತು, ದೊಡ್ಡ ಸರ್ ಒಂದು ಸಾಲು ಬರೆದು ಸಹಿ ಹಾಕಬೇಕಿತ್ತು. ಅವ್ವ ಹಾಸಿಗೆ ಹಿಡಿದಿದ್ದರು. ಒಂಬತ್ತು ದಿನ ನಾನು ಹೇಳದೆ ತಳ್ಳಿದೆ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಸೈಕಲ್ ಹತ್ತುವುದು, ಸಂಜೆ ನಾಳೆ ಎಂದುಕೊಂಡು ಇಳಿಯುವುದು. ಪದ್ಮಾ ಮತ್ತೊಂದು ಬ್ಯಾಚಿಗೆ ಸಾರು ಕಾಯಿಸಲು ಹೇಳಿದಾಗ ಇನ್ನು ತಡೆಯಲಾಗಲಿಲ್ಲ. ಇನ್ನೂ ಆರು ವಾರ ಆ ಹೆಣ್ಣುಮಗಳು ನನ್ನ ಒಂದು ಚಿಟಿಕೆ ಪುರಿಗಾಗಿ ದುಡಿಯುವುದನ್ನು ನೋಡುತ್ತ ನಿಲ್ಲುವುದು ಆಗದ ಮಾತಾಗಿತ್ತು.

ಮೀನಿನ ಕೋಣೆಯಲ್ಲಿ ಅವರು ಕೊಳವೆ ಹಿಡಿದು ಟ್ಯಾಂಕಿನ ತಳದ ಕೊಳೆ ತೆಗೆಯುತ್ತಿದ್ದರು. ನಾನು ಬಕೆಟ್ಟು ಹಿಡಿದಿದ್ದೆ. ಎಲ್ಲ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಎಷ್ಟು ದಿನದಿಂದ ಸ್ವಾಮಣ್ಣ?"

"ಮೊದಲ್ನಿಂದ್ಲೂ ಕಣಮ್ಮ."

ಬಕೆಟ್ಟು ತುಂಬಿ ನೀರು ನನ್ನ ಕಾಲ ಮೇಲೆ ಹರಿಯುವ ತನಕ ಕೊಳವೆ ಹಾಗೇ ಹಿಡಿದಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಒಂದು ನೋಟುಬುಕ್ಕು ತಂದು, ಯಾವ ಯಾವ ದಿನ ಹಾಕಿದಿರಿ, ಯಾವ ಟ್ಯಾಂಕಿಗೆ, ಎಷ್ಟು ಎಂದು ಕೂರಿಸಿ ಬರೆಸಿಕೊಂಡರು. ನೆನಪಿರುವುದನ್ನು ಮಾತ್ರ ಹೇಳಿ, ಊಹಿಸಿ ಹೇಳಬೇಡಿ ಎಂದರು. ಮುಗಿದ ಮೇಲೆ ಹೇಳಿದರು, "ಸರ್ ಹತ್ರ ನಾನೇ ಮಾತಾಡ್ತೀನಿ. ನಿಮ್ಮ ಫೈಲು ಅವ್ರ ಟೇಬಲ್ ಮೇಲಿದೆ, ನೀವು ಬಾಯಿ ಬಿಡ್ಬೇಡಿ."

ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಪದ್ಮಾ ದೊಡ್ಡ ಸರ್ ಕೋಣೆಗೆ ಹೋಗಿ, ಮೀನುಗಳಿಗೆ ಉಪವಾಸ ಸರಿಯಾಗಿ ಆಗಿರಲಿಲ್ಲ, ಮೇಲ್ವಿಚಾರಣೆ ತನ್ನದು, ತಪ್ಪು ತನ್ನದು ಎಂದು ಹೇಳಿದರು. ಸರ್ ಕೂಗಾಡಿದ್ದು ಓಣಿಯ ಕೊನೆಯವರೆಗೂ ಕೇಳಿಸಿತು. ಒಂದು ಮೀನಿಗೆ ಊಟ ತಪ್ಪಿಸುವುದು ಬರದವರು ಡಾಕ್ಟರೇಟು ಯಾಕೆ ಮಾಡುತ್ತೀರಿ ಎಂದರು. ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ಆವತ್ತೇ ಹಿಂದಕ್ಕೆ ಕರೆಸಿಕೊಂಡರು. ಅಷ್ಟು ಹೊತ್ತೂ ನಾನು ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ತೊಳೆದ ಫ್ಲಾಸ್ಕನ್ನೇ ತೊಳೆಯುತ್ತಿದ್ದೆ. ಮೂರು ತಿಂಗಳಲ್ಲಿ ನನ್ನ ಕೆಲಸ ಖಾಯಂ ಆಯಿತು. ಅವ್ವ ಪಾಯಸ ಮಾಡಿಸಿದರು. ನಾನು ನನ್ನ ಪಾಲನ್ನು ಅಣ್ಣನ ಮುಂದೆ ಸರಿಸಿದೆ.

ಮೊದಲಿನಿಂದ ಶುರುಮಾಡಿದ ಎರಡನೇ ಸಲದ ಪ್ರಯೋಗದ ಕ್ರಮವನ್ನು ಪದ್ಮಾ ಬೇರೆಯೇ ಮಾಡಿದರು. ಇವತ್ತು ನೀವೆಲ್ಲ ಸಲೀಸಾಗಿ ಮಾಡುವುದನ್ನು ನಾವು ಅಂದು ಪೆಟ್ಟು ತಿಂದು ಕಲಿತೆವು. ಪಕ್ಕದ ಲ್ಯಾಬಿನವರು ಇಂಜೆಕ್ಷನ್ ಸೀಸೆಗಳ ಹೆಸರು ಕಿತ್ತು ಅಂಕಿ ಹಚ್ಚಿದರು. ಯಾವ ಅಂಕಿ ಯಾವುದಕ್ಕೆ ಎಂಬ ಚೀಟಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಆಫೀಸಿನ ಬೀರುವಿನಲ್ಲಿ ಇಟ್ಟರು. ಹಾರ್ಮೋನು, ಉಪ್ಪುನೀರು ಎರಡೇ ಅಲ್ಲದೆ ಮೂರನೆಯದೊಂದು ಸೇರಿತು: ಮೀನಿನ ಜೀನೇ ಇಲ್ಲದ ಬರೀ ಬ್ಯಾಕ್ಟೀರಿಯಾದಿಂದ ಅದೇ ರೀತಿ ತೆಗೆದ ಸಾರ. ಬ್ಯಾಕ್ಟೀರಿಯಾದ ಕೊಳೆ ಉಳಿದುಕೊಂಡಿದ್ದರೂ ಮೀನಿಗೆ ಜಡ್ಡು ಹತ್ತಿ ಮೇವು ಬಿಟ್ಟೀತು, ಅದನ್ನು ಹಾರ್ಮೋನಿನ ಗುಣ ಎಂದುಕೊಳ್ಳಬಾರದಲ್ಲ. ಕಿಟಕಿ ಕಡೆ, ಗೋಡೆ ಕಡೆ ಎಂಬ ವಿಂಗಡಣೆಯೇ ಹೋಯಿತು. ಯಾವ ಟ್ಯಾಂಕಿಗೆ ಏನು ಎನ್ನುವುದು ನನಗೂ ಗೊತ್ತಿಲ್ಲ, ಪದ್ಮಾಗೂ ಗೊತ್ತಿಲ್ಲ. ಕೋಣೆಗೆ ಎರಡು ಬೀಗ ಬಿದ್ದವು, ಒಂದರ ಕೈ ನನ್ನಲ್ಲಿ ಇನ್ನೊಂದರದು ಅವರಲ್ಲಿ, ಇಬ್ಬರೂ ಬಂದರೇ ಬಾಗಿಲು ತೆರೆಯುವುದು.

ಅವ್ವನ ಮಾತನ್ನು ನಾನು ಪೂರ್ತಿ ಬಿಡಲಿಲ್ಲ. ಎಣಿಕೆಯೆಲ್ಲ ಮುಗಿದ ಮೇಲೆ ಎಲ್ಲ ಟ್ಯಾಂಕಿಗೂ ಒಂದೇ ಅಳತೆಯ ಪುರಿ ಹಾಕಲು ಪದ್ಮಾ ಒಪ್ಪಿದರು. ಆದರೆ ಬರೆಯಬೇಕು ಎಂದರು. ಆ ವರ್ಷದ ಲ್ಯಾಬ್ ಪುಸ್ತಕ ತೆರೆದರೆ 'ಸಂಜೆ ಐದು, ಪುರಿ, ಹನ್ನೆರಡು ಟ್ಯಾಂಕಿಗೂ' ಎಂದು ನನ್ನ ಅಕ್ಷರ ಇವತ್ತಿಗೂ ಕಾಣುತ್ತದೆ.

ಫೆಲೋಶಿಪ್ಪು ಮುಗಿಯಿತು, ಪ್ರಯೋಗ ಮುಗಿಯಲಿಲ್ಲ. ಪದ್ಮಾ ಬೆಳಿಗ್ಗೆ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹೇಳಿ ಹನ್ನೊಂದಕ್ಕೆ ಓಡಿಬರುತ್ತಿದ್ದರು. ಇಂಜೆಕ್ಷನ್ನಿನ ಹೊತ್ತನ್ನೂ ಅದಕ್ಕೆ ತಕ್ಕಂತೆ ಮುಂದಕ್ಕೆ ಹಾಕಿದೆವು. ಲಕೋಟೆ ಒಡೆಯುವ ದಿನ ದೊಡ್ಡ ಸರ್ ಮೇಜಿನ ಸುತ್ತ ನಾವು ಮೂವರೇ. ಪದ್ಮಾ ಅಂಕಿ ಓದುತ್ತ ಹೋದರು, ಸರ್ ಕಾಗದದ ಮೇಲೆ ಗುರುತು ಹಾಕುತ್ತ ಹೋದರು. ನಾನು ಬಾಗಿಲ ಚಿಲಕ ಹಿಡಿದು ನಿಂತಿದ್ದೆ. ಹಾರ್ಮೋನು ಕೆಲಸ ಮಾಡಿತ್ತು. ವ್ಯತ್ಯಾಸ ಹಿಂದಿನ ಹಾಗೆ ಅರ್ಧಕ್ಕರ್ಧವಲ್ಲ, ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಪ್ರತಿ ಸಲವೂ ಇತ್ತು, ಮತ್ತು ಬರೀ ಬ್ಯಾಕ್ಟೀರಿಯಾದ ಸಾರಕ್ಕೆ ಇರಲಿಲ್ಲ. ಇಷ್ಟೇನಾ ಎಂದರು ಸರ್. ಗುರುತು ಹಾಕಿದ ಕಾಗದವನ್ನು ಇನ್ನೊಮ್ಮೆ ನೋಡಿ, ಇಷ್ಟಾದರೂ ಇದೆಯಲ್ಲ ಎಂದರು.

ಮುಂದಿನ ವರ್ಷ ಪದ್ಮಾ ವೈವಾ. ಸೆಮಿನಾರ್ ಹಾಲಿನಲ್ಲಿ ಎಲ್ಲರೂ ಬಂದು ಕೂರಬಹುದಾದ ಬಹಿರಂಗ ಪರೀಕ್ಷೆ. ಮುಂದಿನ ಸಾಲಿನಲ್ಲಿ ಅವರ ತಂದೆ, ತಾಯಿ, ಹಿಂದಿನ ಸಾಲಿನಲ್ಲಿ ನಾನು. ಹೊರಗಿನಿಂದ ಬಂದ ಪರೀಕ್ಷಕರು ಮೆತ್ತಗಿನ ದನಿಯ ಮುದುಕರು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ ನಡೆದವು. ಪದ್ಮಾ ಚೆನ್ನಾಗಿ ಉತ್ತರಿಸಿದರು. ಕೊನೆಗೆ ಪರೀಕ್ಷಕರು ಪ್ರಬಂಧದ ಹಿಂಬದಿ ತಿರುವಿ, ಮೊದಲ ವರ್ಷದ ಅಂಕಿಗಳನ್ನೆಲ್ಲ ಕೊಟ್ಟು ಅವನ್ನು ಬಳಸಿಲ್ಲ ಎಂದು ಬರೆದಿದ್ದೀರಿ, ಫಲಿತಾಂಶ ಇಷ್ಟು ಚೆನ್ನಾಗಿರುವಾಗ ಯಾಕೆ ಎಂದು ಕೇಳಿದರು. ಮೀನುಗಳಿಗೆ ನಡುವೆ ಆಹಾರ ಸಿಕ್ಕಿತ್ತು, ತನ್ನ ಮೇಲ್ವಿಚಾರಣೆಯ ಲೋಪ ಎಂದರು ಪದ್ಮಾ. ಇದು ಬಹಳ ಪ್ರಾಥಮಿಕ ತಪ್ಪು ಎಂದರು ಪರೀಕ್ಷಕರು. ಹೌದು ಸರ್ ಎಂದರು. ಮುಂದಿನ ಸಾಲಿನಲ್ಲಿ ಅವರ ತಂದೆ ತಲೆ ತಗ್ಗಿಸಿದ್ದು ನನಗೆ ಹಿಂದಿನಿಂದ ಕಂಡಿತು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಮಗಳು ತಪ್ಪೊಪ್ಪಿಕೊಂಡ ದನಿ ಮಾತ್ರ ಅರ್ಥವಾಗಿರಬೇಕು.

ಸಭೆಯಲ್ಲಿ ಯಾರಿಗಾದರೂ ಕೇಳುವುದಿದೆಯೇ ಎಂದು ಅಧ್ಯಕ್ಷರು ವಾಡಿಕೆಯಂತೆ ಕೇಳಿದರು. ನಾನು ಎದ್ದು ನಿಂತೆ. ಲ್ಯಾಬ್ ಅಸಿಸ್ಟೆಂಟು ವೈವಾದಲ್ಲಿ ಎದ್ದದ್ದನ್ನು ಆ ಹಾಲಿನಲ್ಲಿ ಯಾರೂ ನೋಡಿರಲಿಲ್ಲ. ಕನ್ನಡದಲ್ಲೇ ಹೇಳಿದೆ, "ಅದು ಅವ್ರ ತಪ್ಪಲ್ಲ ಸರ್. ಮೀನಿಗೆ ಪುರಿ ಹಾಕ್ತಿದ್ದೋನು ನಾನು. ಅವ್ರಿಗೆ ಗೊತ್ತೇ ಇರ್ಲಿಲ್ಲ."

ದೊಡ್ಡ ಸರ್ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದರು. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿ, ಪದ್ಮಾ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಹಾಗಾದರೆ ಎರಡನೇ ಸಲ ಮೇವು ಹಾಕಿ ಎಣಿಸಿದವರು ಯಾರಮ್ಮ?"

ಈ ಪ್ರಶ್ನೆ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಎರಡನೇ ಸಲವೂ ನಾನೇ. ಬೇರೆಯವರು ಹೋದರೆ ಮೀನುಗಳು ಮೂಲೆ ಸೇರುತ್ತವೆಂದು ನನ್ನ ಕೈಯಲ್ಲೇ ಮಾಡಿಸಿದ್ದರು. ನಾನು ಸುಮ್ಮನೆ ಕೂತಿದ್ದರೆ ಒಂದು ಲೋಪ ಎಂದು ಮುಗಿದುಹೋಗುತ್ತಿತ್ತು. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ ಅವರ ಪ್ರಬಂಧವನ್ನೇ ಮುಳುಗಿಸಿಬಿಟ್ಟೆ ಎಂದುಕೊಂಡೆ.

"ಇವರೇ ಸರ್," ಎಂದರು ಪದ್ಮಾ. "ಎರಡನೇ ಸಲಾನೂ ಇವರೇ ಹಾಕಿದ್ದು, ಇವರೇ ಎಣಿಸಿದ್ದು. ಯಾವ ಟ್ಯಾಂಕಲ್ಲಿ ಏನಿದೆ ಅಂತ ಇವರಿಗೆ ಗೊತ್ತಿರ್ಲಿಲ್ಲ."

"ಅದು ಸರಿ. ಒಂದು ಸಲ ಕೆಡಿಸಿದವರ ಕೈಗೇ ಮತ್ತೆ ಕೊಟ್ಟಿರಲ್ಲ. ಇವರ ಎಣಿಕೆಯನ್ನು ನಂಬಬಹುದು ಅಂತ ನಿಮಗೆ ಹೇಗೆ ಗೊತ್ತು?"

ಪದ್ಮಾ ನನ್ನ ಕಡೆ ನೋಡಲಿಲ್ಲ. "ಯಾರೂ ನೋಡ್ದೇ ಇದ್ದಿದ್ದನ್ನ ತಾವಾಗೇ ಬಂದು ಹೇಳಿದೋರು ಈ ಲ್ಯಾಬಲ್ಲಿ ಇವರೊಬ್ರೇ ಸರ್. ಅದಕ್ಕೇ ಕೊಟ್ಟೆ."

ಪರೀಕ್ಷಕರು ಏನೋ ಬರೆದುಕೊಂಡು, ಪದವಿ ಕೊಡಲು ಅಡ್ಡಿಯಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿದರು. ಹಾಲಿನಲ್ಲಿ ಕುರ್ಚಿಗಳು ಸರಿದಾಡಿದವು, ಯಾರೋ ಚಪ್ಪಾಳೆ ತಟ್ಟಿದರು. "ಕೂತ್ಕೊಳ್ಳಿ ಸ್ವಾಮಣ್ಣ," ಎಂದು ಪದ್ಮಾ ಹೇಳುವ ತನಕ ನಾನು ಇನ್ನೂ ನಿಂತೇ ಇದ್ದೇನೆ ಎಂಬುದು ನನಗೆ ಗೊತ್ತಾಗಿರಲಿಲ್ಲ.